ಬಿಡಬೇಕಾದ ಜಾಗ

ಆ ಕಟ್ಟಡದಲ್ಲಿ ಕೋಣೆಗೊಂದರಂತೆ ಕಕ್ಕಸು ಬರುವುದಿತ್ತು. ಕಟ್ಟುವವರಿಗೆ ಒಂದೂ ಇರಲಿಲ್ಲ.

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಓಣಿ. ಆ ಓಣಿಯ ಮೂಲೆಯ ಸೈಟಿನಲ್ಲಿ ಕೆಂಪರಾಜ್ ಪಿ.ಜಿ. ಕಟ್ಟಿಸುತ್ತಿದ್ದ. ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿಗೆ ಹೋಗುವ ಹುಡುಗಿಯರಿಗೆ ಬಾಡಿಗೆ ಕೊಡುವ ಕೋಣೆಗಳು. ಜಟ್ಟೆಮ್ಮ ಅಲ್ಲಿ ಬಾಂಡ್ಲಿ ಹೊರುತ್ತಿದ್ದಳು. ಗಂಡ ಅಂಬಣ್ಣ ಗಾರೆ ಕೆಲಸದವನು. ಇಬ್ಬರೂ ಸುರಪುರದ ಕಡೆಯವರು. ಅದೇ ಸೀಮೆಯ ಮೇಸ್ತ್ರಿ ಮುತ್ತಣ್ಣ ಅವರನ್ನು ಬಸ್ಸು ಹತ್ತಿಸಿ ಕರೆತಂದಿದ್ದ.

ಕಟ್ಟಡಕ್ಕೂ ಎಡಗಡೆಯ ಕಾಂಪೌಂಡಿಗೂ ನಡುವೆ ಒಂದು ಸಂದಿ ಇತ್ತು. ಅದರ ಮೇಲೆ ತಗಡು ಹೊದಿಸಿಕೊಂಡು ಗಂಡ ಹೆಂಡತಿ ಇದ್ದರು. ಇಬ್ಬರೂ ಮಗ್ಗುಲಿಗೆ ಮಗ್ಗುಲು ಮಲಗಲು ಆಗುತ್ತಿರಲಿಲ್ಲ. ಒಬ್ಬರ ಕಾಲ ಹತ್ತಿರ ಇನ್ನೊಬ್ಬರ ತಲೆ, ರೈಲಿನ ಬೋಗಿಗಳ ಹಾಗೆ. ಕಟ್ಟಡ ಕಟ್ಟುವವರು ಸುತ್ತಲೂ ಇಷ್ಟಿಷ್ಟು ಅಂತ ಜಾಗ ಬಿಡಬೇಕು, ಗಾಳಿಗೆ, ಬೆಳಕಿಗೆ, ಬೆಂಕಿ ಬಿದ್ದರೆ ಜನ ಓಡುವುದಕ್ಕೆ, ಅದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ ಅಂತ ಮುತ್ತಣ್ಣ ಒಮ್ಮೆ ಹೇಳಿದ್ದ. ಅಲ್ಲಿ ಏನೂ ಕಟ್ಟಬಾರದಂತೆ, ಯಾರೂ ವಾಸ ಇರಬಾರದಂತೆ. ಜಟ್ಟೆಮ್ಮನಿಗೆ ಅರ್ಥವಾದದ್ದು ಇಷ್ಟು: ಯಾರೂ ಇರಬಾರದ ಕಡೆ ತಮ್ಮನ್ನು ಇರಿಸಿದ್ದಾರೆ.

ಗಂಡಸರಿಗೆ ಮರಳಿನ ಗುಡ್ಡೆಯ ಹಿಂದೆ ನಡೆಯುತ್ತಿತ್ತು. ಹೆಂಗಸರಿಗೆ ನಡೆಯುತ್ತಿರಲಿಲ್ಲ. ವಿಮಾನ ಕಾರ್ಖಾನೆಯ ಗೋಡೆಯ ಕಡೆಗೆ ಒಂದು ಖಾಲಿ ಸೈಟು ಇತ್ತು. ಜಟ್ಟೆಮ್ಮ ಮೊದಮೊದಲು ಕತ್ತಲಿರುವಾಗಲೇ ಎದ್ದು ಅಲ್ಲಿಗೆ ಹೋಗಿ ಬರುತ್ತಿದ್ದಳು. ಆಮೇಲೆ ಆ ಸೈಟಿಗೆ ಕಾವಲುಗಾರ ಬಂದ. ಅವನು ಬೈಯಲಿಲ್ಲ, ಓಡಿಸಲಿಲ್ಲ. ಕೂತವಳ ಮೇಲೆ ಮೊಬೈಲಿನ ಬೆಳಕು ಬಿಟ್ಟು ಸುಮ್ಮನೆ ನಿಂತ. ಅವಳು ಎದ್ದು ಸೀರೆ ಇಳಿಸಿಕೊಂಡು ನಡೆದಳು. ಬೆಳಕು ಓಣಿಯ ತಿರುವಿನವರೆಗೂ ಅವಳ ಬೆನ್ನ ಹಿಂದೆಯೇ ಬಂತು.

ಅವತ್ತಿನಿಂದ ಅವಳು ನೀರು ಕುಡಿಯುವುದನ್ನು ಬಿಟ್ಟಳು.

ಬೇಸಿಗೆ. ಸಿಮೆಂಟಿನ ಧೂಳು ಗಂಟಲಿಗೆ ಇಳಿದು ಗಟ್ಟಿಯಾಗುತ್ತಿತ್ತು. ಊಟದ ಹೊತ್ತಿಗೆ ಬರೀ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ಹೊಟ್ಟೆಯ ಕೆಳಗೆ ಉರಿ ಶುರುವಾಯಿತು. ಬಾಂಡ್ಲಿ ತಲೆಗೇರಿಸುವಾಗ ತೊಡೆ ನಡುಗುತ್ತಿದ್ದವು. ರಾತ್ರಿ ಜ್ವರ ಬರುತ್ತಿತ್ತು, ಬೆಳಿಗ್ಗೆ ಬಿಡುತ್ತಿತ್ತು. ಅಂಬಣ್ಣ ಒಂದು ಗುಳಿಗೆ ತಂದುಕೊಟ್ಟ. ಗುಳಿಗೆ ನುಂಗುವುದಕ್ಕೂ ನೀರು ಬೇಕು.

ಒಂದು ಮಧ್ಯಾಹ್ನ ಮಾಳಿಗೆಗೆ ಹತ್ತುವ ಹಲಗೆಯ ಮೇಲೆ ಕಣ್ಣು ಕತ್ತಲಿಟ್ಟಿತು. ಕಾಂಕ್ರೀಟು ತುಂಬಿದ ಬಾಂಡ್ಲಿ ಸಮೇತ ಕೆಳಗೆ ಬಿದ್ದಳು. ಕೆಳಗೆ ಮರಳಿತ್ತು, ಜೀವ ಉಳಿಯಿತು. ಯಾರೋ ಗಂಡಸು, ಬಸುರಿಯೇನೋ ಅಂದ, ಉಳಿದವರು ನಕ್ಕರು. ಮುತ್ತಣ್ಣ ಬಂದು ಚೆಲ್ಲಿದ ಕಾಂಕ್ರೀಟನ್ನು ಗಟ್ಟಿಯಾಗುವ ಮೊದಲು ಬಳಿಯಲು ಹೇಳಿದ.

ಬಲಗಡೆಯ ಕಾಂಪೌಂಡಿನ ಆಚೆಯಿಂದ ನೀರಿನ ಚೊಂಬು ಹಿಡಿದು ಬಂದವಳು ಮಂಜುಳಮ್ಮ. ಕಟ್ಟಡದ ಬಲಕ್ಕೆ ಅಂಟಿಕೊಂಡಂತಿದ್ದ ಶೀಟಿನ ಮನೆ ಅವಳದು. ಗಂಡ ಮುನಿಶಾಮಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಕಾಲೇಜಿಗೆ ಹೋಗುವ ಮಗಳು ಹೇಮಶ್ರೀ ಒಬ್ಬಳೇ ಜೊತೆಗೆ. ಮಂಜುಳಮ್ಮ ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಕಕ್ಕಸು ತೊಳೆಯುವುದು. ಅವಳು ಜಟ್ಟೆಮ್ಮನ ಮುಖ ನೋಡಿದಳು, ಒಡೆದ ತುಟಿ ನೋಡಿದಳು, ಚೊಂಬು ಹಿಂದಕ್ಕೆ ತಳ್ಳಿದ ಕೈ ನೋಡಿದಳು.

"ಉಚ್ಚೆ ಕಟ್ಕೊಂಡು ಕೆಲ್ಸ ಮಾಡ್ತಿದೀಯಾ?" ಅಂತ ಕೇಳಿದಳು.

ಜಟ್ಟೆಮ್ಮ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ಬಂತು. ಅಷ್ಟು ನೀರು ಮೈಯಲ್ಲಿ ಎಲ್ಲಿತ್ತೋ.

"ನಂಗೆ ಗೊತ್ತಾಗುತ್ತೆ ಕಣಮ್ಮ. ಅಲ್ಲಿ ಸಾಲಿಗೆ ಸಾಲು ಕಕ್ಕಸು ತೊಳೀತೀನಿ. ಒಂದ್ರಲ್ಲೂ ಕೂತ್ಕೊಳೋಕೆ ಬಿಡಲ್ಲ. ಬಾ, ನಮ್ಮನೇಲಿ ಹೋಗು."

ಮಂಜುಳಮ್ಮನ ಮನೆಯ ಬಾಗಿಲಿಗೂ ಓಣಿಗೂ ನಡುವೆ ಇದ್ದ ತುಣುಕು ಜಾಗದಲ್ಲಿ ಒಂದು ಕಕ್ಕಸು ಇತ್ತು. ಇಟ್ಟಿಗೆಯ ಗೋಡೆ, ಮೇಲೆ ಶೀಟು, ನೀಲಿ ಬಣ್ಣದ ತಗಡಿನ ಬಾಗಿಲು. ಮುನಿಶಾಮಿ ತಾನೇ ಅಗೆದು, ತಾನೇ ಪೈಪು ಕೂರಿಸಿ ಕಟ್ಟಿದ್ದು. ಅದು ಬರುವ ಮುಂಚೆ ಈ ಓಣಿಯ ಹೆಂಗಸರೂ ಕತ್ತಲಾಗುವುದನ್ನೇ ಕಾಯುತ್ತಿದ್ದವರು. ಜಟ್ಟೆಮ್ಮ ಬಾಗಿಲ ಬಳಿ ನಿಂತು ಹಿಂದೆ ಮುಂದೆ ನೋಡಿದಳು. ಊರಲ್ಲಿ ಗೌಡರ ಹಿತ್ತಿಲ ಬೇಲಿ ಮುಟ್ಟಿದ್ದಕ್ಕೆ ಅವಳ ತಾಯಿಯನ್ನು ಹೊಡೆದಿದ್ದರು. ಅಕ್ಕಾ, ನಾವು ಕೆಳಗಿನ ಮಂದಿ ಅಂತ ಮೊದಲೇ ಹೇಳಿಬಿಡುವುದು ವಾಸಿ ಅನಿಸಿ ಹೇಳಿದಳು. ಮಂಜುಳಮ್ಮ ಮನೆಯೊಳಗಿನ ಗೋಡೆಯ ಕಡೆ ಗದ್ದ ತೋರಿಸಿದಳು. ಅಲ್ಲಿ ಬುದ್ಧನ ಪಟ, ಅದರ ಪಕ್ಕದಲ್ಲಿ ಬಾಬಾಸಾಹೇಬರ ಪಟ. ನಾವು ಯಾರು ಅಂದುಕೊಂಡೆ, ಮೊದಲು ಒಳಗೆ ಹೋಗು ಅಂದಳು.

ಜಟ್ಟೆಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟೋ ಹೊತ್ತು ಆಚೆ ಬರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಚಿಲಕವಿರುವ ಬಾಗಿಲಿನ ಹಿಂದೆ ಅವಳು ಕೂತದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಬೆಳಿಗ್ಗೆ ಸಂಜೆ ಅಲ್ಲಿಗೇ ಹೋದಳು. ಜ್ವರ ಬಿಟ್ಟಿತು. ಕಟ್ಟಡದ ಬೇರೆ ಹೆಂಗಸರೂ ಹೋಗತೊಡಗಿದರು. ಸರದಿಯಲ್ಲಿ ನೀರು ಹೊತ್ತು ಹಾಕುತ್ತಿದ್ದರು, ತೊಳೆಯುತ್ತಿದ್ದರು. ಮಂಜುಳಮ್ಮ ಪುಟ್ಟ ಬಾಟಲಿಯಲ್ಲಿ ಫಿನಾಯಿಲು ತಂದಿಡುತ್ತಿದ್ದಳು.

ಕೆಂಪರಾಜ್‌ಗೆ ಅದು ಹಿಡಿಸಲಿಲ್ಲ. ಮುಂದೆ ಬರಲಿರುವ ಹುಡುಗಿಯರ ಕಿಟಕಿ ತೆರೆದರೆ ಕಾಣುವುದು ಆ ಶೀಟಿನ ಮನೆ, ಅದರ ಮುಂದಿನ ನೀಲಿ ಬಾಗಿಲು. ಮಂಜುಳಮ್ಮನ ಜಾಗವನ್ನು ಕೊಂಡುಕೊಳ್ಳಲು ಅವನು ಮುಂಚೆಯೇ ಕೇಳಿದ್ದ. ಅವಳು ಕೊಡುವುದಿಲ್ಲ ಅಂದಿದ್ದಳು. ಇದೇ ಓಣಿಯಲ್ಲಿ ಅವನ ತಂದೆ ಮುನಿಶಾಮಿಯ ತಂದೆಯನ್ನು ಹಸು ಸತ್ತಾಗ ಮಾತ್ರ ಕರೆಯುತ್ತಿದ್ದನಂತೆ. ಹಸುವೂ ಹೋಯಿತು, ಹೊಲವೂ ಹೋಯಿತು, ಕೆಂಪರಾಜ್‌ನ ನಾಲಿಗೆ ಮಾತ್ರ ಹಾಗೇ ಉಳಿದಿತ್ತು.

ಒಂದು ದಿನ ಅವನು ಬಂದು ಪಿ.ಜಿ.ಗೆ ದೊಡ್ಡ ಅಡುಗೆಮನೆ ಬೇಕು ಅಂದ. ಬಲಗಡೆ ಬಿಟ್ಟಿರುವ ಜಾಗ ಸುಮ್ಮನೆ ಬಿದ್ದಿದೆ, ಅದನ್ನೂ ಸೇರಿಸಿ ಗೋಡೆ ಎತ್ತಿ ಅಂದ. ಮುತ್ತಣ್ಣ ತಲೆ ಕೆರೆದುಕೊಂಡು, ಅದು ಬಿಡಬೇಕಾದ ಜಾಗ ಅಲ್ಲವಾ ಅಣ್ಣಾ ಅಂದ. ಕೆಂಪರಾಜ್ ನಕ್ಕು, ನಕ್ಷೆಯಲ್ಲಿ ಬಿಟ್ಟಿದೀನಲ್ಲ ಅಂದ.

ಗೋಡೆ ಎತ್ತಿದವನು ಅಂಬಣ್ಣ. ಸಿಮೆಂಟ್ ಬ್ಲಾಕು ಹೊತ್ತವಳು ಜಟ್ಟೆಮ್ಮ. ಮಂಜುಳಮ್ಮನ ಮನೆಗೆ ಇದ್ದದ್ದು ಒಂದೇ ಕಿಟಕಿ, ಅದು ಈ ಕಡೆಗೆ. ಒಂದೊಂದು ಸಾಲು ಏರಿದ ಹಾಗೆ ಆ ಕಿಟಕಿಯೊಳಗಿನ ಮನೆ ಕಪ್ಪಾಗುತ್ತ ಬಂತು. ಮೊದಲು ಒಳಗಿನ ಪಾತ್ರೆಗಳು ಕಾಣದಾದವು. ಆಮೇಲೆ ಗೋಡೆಯ ಪಟಗಳು ಕಾಣದಾದವು. ಕೊನೆಯಲ್ಲಿ ಕಿಟಕಿಯ ಸರಳಿನ ಹಿಂದೆ ಓದುತ್ತ ಕೂತಿದ್ದ ಹೇಮಶ್ರೀ ಎದ್ದು ಹಾಡುಹಗಲಲ್ಲಿ ದೀಪ ಹಾಕಿದಳು. ಜಟ್ಟೆಮ್ಮ ಬ್ಲಾಕು ಇಳಿಸಿ ಮುಖ ತಿರುಗಿಸಿಕೊಂಡಳು. ಸಂಜೆ ಆ ಮನೆಗೆ ಹೋಗಲು ಕಾಲು ಬರಲಿಲ್ಲ. ಮಂಜುಳಮ್ಮನೇ ಕರೆದಳು. ಬೈಯಲಿಲ್ಲ. ನಿನ್ನ ಕೈಯಲ್ಲಿ ಏನಿದೆ ಅಂದಳು ಅಷ್ಟೆ. ಬೈದಿದ್ದರೆ ಜಟ್ಟೆಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ.

ಮಂಜುಳಮ್ಮ ಕೆಲಸಕ್ಕೆ ರಜೆ ಹಾಕಿ ವಾರ್ಡ್ ಆಫೀಸಿಗೆ ಹೋಗಿ ದೂರು ಕೊಟ್ಟಳು. ಕೆಲವು ದಿನ ಬಿಟ್ಟು ಎಂಜಿನಿಯರ್ ಬಂದ. ಕೆಂಪರಾಜ್‌ನ ಕಾರಿನ ಪಕ್ಕ ನಿಂತು ಎಳನೀರು ಕುಡಿದ. ಅಡುಗೆಮನೆಯ ಗೋಡೆಯನ್ನು ಒಮ್ಮೆ ನೋಡಿದ. ಟೇಪು ಬಿಚ್ಚಿ ಅಳೆದದ್ದು ಮಾತ್ರ ಮಂಜುಳಮ್ಮನ ಕಕ್ಕಸನ್ನು.

ಆಮೇಲೆ ನೋಟಿಸು ಬಂತು. ಬಂದದ್ದು ಮಂಜುಳಮ್ಮನ ಬಾಗಿಲಿಗೆ. ಮನೆಯ ಮುಂದೆ ಬಿಡಬೇಕಾದ ಜಾಗದಲ್ಲಿ ಅನಧಿಕೃತ ಕಟ್ಟಡ ಇದೆ, ತೆರವು ಮಾಡತಕ್ಕದ್ದು ಅಂತ ಹೇಮಶ್ರೀ ಓದಿ ಹೇಳಿದಳು. ಅದರಲ್ಲೇ ಜಟ್ಟೆಮ್ಮನ ತಗಡಿನ ಗೂಡಿನ ಮಾತೂ ಇತ್ತು. ಅದನ್ನೂ ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಅಡುಗೆಮನೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮಂಜುಳಮ್ಮ ಎರಡು ಸಲ ಆಫೀಸಿಗೆ ಅಲೆದಳು. ಎಂಜಿನಿಯರ್ ಸೀಟಿನಲ್ಲಿ ಸಿಗಲಿಲ್ಲ.

ತೆರವಿನ ದಿನ ಸಿಕ್ಕಿದ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಜೀಪಿನಲ್ಲಿ ಬಂದ. ಜೊತೆಗೆ ಒಬ್ಬ ಪೊಲೀಸು. ಒಡೆಯುವ ಗ್ಯಾಂಗು ಬರಬೇಕಿತ್ತು, ಬೇರೆ ಎಲ್ಲೋ ಕೆಲಸಕ್ಕೆ ಹೋಗಿತ್ತು. ಎಂಜಿನಿಯರ್ ಗಡಿಯಾರ ನೋಡಿಕೊಂಡು, ಹಾಗಾದರೆ ಇನ್ನೊಂದು ದಿನ ಬರ್ತೀನಿ ಅಂದ. ಕೆಂಪರಾಜ್ ಬಿಡಲಿಲ್ಲ. ನಮ್ಮ ಜನ ಇದಾರೆ ಸಾರ್, ಅರ್ಧ ಗಂಟೆ ಕೆಲಸ ಅಂದ. ಮುತ್ತಣ್ಣನಿಗೆ ಸನ್ನೆ ಮಾಡಿದ.

ಮುತ್ತಣ್ಣ ಅಂಬಣ್ಣನ ಕೈಗೆ ದೊಡ್ಡ ಸುತ್ತಿಗೆ ಕೊಟ್ಟ. ಜಟ್ಟೆಮ್ಮನ ಕೈಗೆ ಬಾಂಡ್ಲಿ ಕೊಟ್ಟ, ಒಡೆದ ಇಟ್ಟಿಗೆ ತುಂಬಿ ಓಣಿಯ ತುದಿಗೆ ಸುರಿಯುವುದಕ್ಕೆ.

ಮಂಜುಳಮ್ಮ ಹೊಸಿಲ ಮೇಲೆ ನಿಂತಿದ್ದಳು. ಕೆಲಸದ ಯೂನಿಫಾರ್ಮಿನಲ್ಲೇ ಇದ್ದಳು. ಹೇಮಶ್ರೀ ಎಂಜಿನಿಯರ್‌ಗೆ ಅಡ್ಡ ನಿಂತು ಪಕ್ಕದ ಗೋಡೆ ತೋರಿಸಿ ಕೇಳುತ್ತಿದ್ದಳು. ಅದೂ ಬಿಡಬೇಕಾದ ಜಾಗದಲ್ಲೇ ಇದೆಯಲ್ಲ ಸಾರ್, ಅದಕ್ಕೆ ಯಾಕೆ ನೋಟಿಸಿಲ್ಲ? ಎಂಜಿನಿಯರ್ ಅವಳ ತಲೆಯ ಮೇಲಿಂದ ಬೇರೆಲ್ಲೋ ನೋಡುತ್ತ, ಅದು ಟೆಂಪರರಿ, ಸಾಮಾನು ಇಡುವ ಶೆಡ್ಡು ಅಂತ ರಿಪೋರ್ಟಿನಲ್ಲಿದೆ ಅಂದ. ಆ ಶೆಡ್ಡಿನ ಒಳಗೋಡೆಗೆ ಅಂಬಣ್ಣ ಹಿಂದಿನ ದಿನವಷ್ಟೇ ಗಿಲಾವು ಮಾಡಿದ್ದ.

ಅಂಬಣ್ಣ ಸುತ್ತಿಗೆ ಹಿಡಿದು ಹೆಜ್ಜೆ ಹಾಕಿದ. ಅವನು ಯಾವತ್ತೂ ಎದುರು ಮಾತಾಡಿದವನಲ್ಲ. ಒಡೆ ಅಂದರೆ ಒಡೆಯುವವನು, ಕಟ್ಟು ಅಂದರೆ ಕಟ್ಟುವವನು. ಜಟ್ಟೆಮ್ಮ ಅವನ ಹಿಂದೆ ನಾಲ್ಕು ಹೆಜ್ಜೆ ಬಂದಳು. ನೀಲಿ ಬಾಗಿಲು ಹತ್ತಿರವಾಯಿತು. ಬಾಗಿಲ ಪಕ್ಕ ಫಿನಾಯಿಲಿನ ಪುಟ್ಟ ಬಾಟಲಿ ಇತ್ತು.

ಅವಳು ಬಾಂಡ್ಲಿಯನ್ನು ನೆಲಕ್ಕೆ ಇಟ್ಟಳು.

"ನಾ ಒಲ್ಲೆ," ಅಂದಳು.

ಮೊದಲು ಯಾರಿಗೂ ಕೇಳಿಸಲಿಲ್ಲ. ಮುತ್ತಣ್ಣನಿಗೆ ಮಾತ್ರ ಕೇಳಿಸಿತು. ಅವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದ. ತಂಗಿ, ಹುಚ್ಚಿ ಆಗಬ್ಯಾಡ, ದೊಡ್ಡವರ ನಡುವೆ ನಮಗೇನು ಕೆಲಸ, ಇವತ್ತು ಇದ್ದು ನಾಳೆ ಹೋಗುವ ಮಂದಿ ನಾವು ಅಂದ. ಜಟ್ಟೆಮ್ಮ ಮತ್ತೆ ಅದೇ ಮಾತು ಅಂದಳು. ಈ ಸಲ ಎಲ್ಲರಿಗೂ ಕೇಳಿಸಿತು.

ಕೆಂಪರಾಜ್ ಕಾರಿಗೆ ಒರಗಿದ್ದವನು ನೆಟ್ಟಗಾದ. "ಏನಂತೆ ಅವಳ್ದು? ಇವರ ಕಕ್ಕಸಲ್ಲಿ ಹೇತು ಹೇತು ಸೊಕ್ಕು ಬಂದಿದೆ. ಸಂದೀಲಿ ಬಿದ್ಕೊಳೋ ನಾಯಿಗೆ ನಾನು ಜಾಗ ಕೊಟ್ರೆ, ಅದು ನನಗೇ ಬೊಗಳುತ್ತಾ?"

ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಎದುರಿನ ಮನೆಯ ನೂರ್‌ಜಹಾನ್ ಹೊಲಿಗೆ ಮಿಷಿನ್ನು ನಿಲ್ಲಿಸಿ ಹೊರಗೆ ಬಂದಿದ್ದಳು. ಕಟ್ಟಡದ ಮೇಲಿಂದ ಕೂಲಿಯವರು ಬಗ್ಗಿ ನೋಡುತ್ತಿದ್ದರು. ಜಟ್ಟೆಮ್ಮನಿಗೆ ಕಿವಿ ಬಿಸಿಯಾಯಿತು. ಅವಳು ಅಂಬಣ್ಣನನ್ನು ದಾಟಿ ನಡೆದಳು. ನೀಲಿ ಬಾಗಿಲು ತೆಗೆದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹೊರಗೆ ಗದ್ದಲ ಎದ್ದಿತು.

ಒಳಗೆ ಬಿಸಿ. ಶೀಟು ಕಾದಿತ್ತು. ಗೋಡೆಗೂ ಶೀಟಿಗೂ ನಡುವಿನ ಸಂದಿಯಿಂದ ಒಂದು ಪಟ್ಟಿ ಬೆಳಕು ಬಾಗಿಲ ಮೇಲೆ ಬಿದ್ದಿತ್ತು. ಜಟ್ಟೆಮ್ಮ ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಯಿಂದ ಚಿಲಕ ಹಿಡಿದು ನಿಂತಳು. ಬೆವರು ಹಣೆಯಿಂದ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಚಿಲಕ ಬಿಡಲಿಲ್ಲ.

ಅವಳನ್ನು ಹೊರಗೆ ತರಲು ಎಂಜಿನಿಯರ್ ಪೊಲೀಸಿಗೆ ಹೇಳುವುದು ಕೇಳಿಸಿತು. ಪೊಲೀಸು, ಒಳಗೆ ಹೆಂಗಸಿದ್ದಾಳೆ ಸಾರ್, ನಾನು ಕೈ ಹಾಕಲ್ಲ, ಲೇಡಿ ಪೊಲೀಸು ಬರಬೇಕು ಅಂದ. ಕೆಂಪರಾಜ್‌ಗೆ ಕಾಯುವ ಮನಸ್ಸಿರಲಿಲ್ಲ. ಅವಳ ಗಂಡನೇ ಇದಾನಲ್ಲ, ಅವನೇ ಎಳೆದು ಹಾಕಲಿ ಅಂದ. ಲೇ ಅಂಬಣ್ಣ, ಬಾಗಿಲು ಒಡಿಯೋ ಅಂದ. ಗಂಡಸಾಗಿದ್ರೆ ಒಡಿ ಅಂದ. ಮುತ್ತಣ್ಣನೂ ಹೋಗೋ ಹೋಗೋ ಅನ್ನುತ್ತಿದ್ದ. ತಗಡಿನ ಬಾಗಿಲಿಗೆ ಯಾರೋ ಕಾಲಿನಿಂದ ಒದ್ದರು. ಚಿಲಕ ಅವಳ ಅಂಗೈಯಲ್ಲಿ ಜಿಗಿಯಿತು.

ಆಮೇಲೆ ಬಾಗಿಲಿಗೆ ತೀರ ಹತ್ತಿರದಲ್ಲಿ ಉಸಿರು ಕೇಳಿಸಿತು. ಗಂಡನ ಉಸಿರು ಅವಳಿಗೆ ಗೊತ್ತು.

"ಹೊರಗ ಬಾ," ಅಂದ ಅಂಬಣ್ಣ. "ಬಡೀತಾರ ನಮ್ಮನ್ನ."

"ಬಡೀಲಿ."

"ಎಲ್ಲಿಗೆ ಹೋಗೂದು ಆಮ್ಯಾಲ? ಇರೋ ಗೂಡೂ ಹೋಗ್ತದ."

ಜಟ್ಟೆಮ್ಮ ಬಾಗಿಲಿಗೆ ಹಣೆ ಒತ್ತಿದಳು. ತಗಡು ಸುಡುತ್ತಿತ್ತು.

"ನಾ ಹಲಗೀ ಮ್ಯಾಲಿಂದ ಬಿದ್ದಾಗ ನೀ ಎಲ್ಲಿದ್ದಿ?" ಅಂದಳು. "ಮೂರನೇ ಮಾಳಿಗಿ ಮ್ಯಾಲ ಬ್ಯಾರೇದವ್ರ ಕಕ್ಕಸಕ್ಕ ಟೈಲ್ಸ್ ಹಚ್ಚಲಕತ್ತಿದ್ದಿ. ನನಗ ನೀರು ಕೊಟ್ಟಾಕಿ ಈಕಿ. ಈಗ ಒಡೀತೀಯಂದ್ರ ಒಡಿ. ನಾ ಇಲ್ಲೇ ಇರ್ತೀನಿ. ನನ್ನ ತಲೀ ಮ್ಯಾಲೇ ಬೀಳ್ಲಿ."

ಬಾಗಿಲ ಬಳಿಯ ಉಸಿರು ಅಲ್ಲೇ ಇತ್ತು. ಕೆಂಪರಾಜ್ ಮತ್ತೆ ಕೂಗಿದ, ಏನೋ ಅದು ಸಂಸಾರದ ಮಾತು, ಒಡಿಯೋ ಅಂತ. ಉಸಿರು ದೂರವಾಯಿತು.

ಆಮೇಲೆ ಅಂಬಣ್ಣನ ಮಾತು ಕೇಳಿಸಿತು. ಅವನು ಎಂಜಿನಿಯರ್ ಹತ್ತಿರ ಮಾತಾಡುತ್ತಿದ್ದ. ಇಷ್ಟು ದಿನದಲ್ಲಿ ಸಾಹೇಬರು ಅಂತ ಯಾರಾದರೂ ಬಂದರೆ ಅವನು ಟವೆಲು ಕೈಗೆ ತಗೊಂಡು ಪಿಲ್ಲರಿನ ಹಿಂದೆ ಸರಿಯುತ್ತಿದ್ದ. ಜಟ್ಟೆಮ್ಮ ಕಿವಿಗೊಟ್ಟಳು.

"ಸಾಹೇಬ್ರ, ಬಿಡಬೇಕಾದ ಜಾಗದಾಗ ಕಟ್ಟಿದ್ದು ಒಡೀಬೇಕಂತ ಬರದಾರೇನ್ರಿ?"

"ಹೌದಪ್ಪ. ಎಷ್ಟು ಸಲ ಹೇಳ್ಬೇಕು? ಬೇಗ ಮುಗಿಸು," ಅಂದ ಎಂಜಿನಿಯರ್.

"ಆಗ್ಲಿರಿ."

ಒಡೆಯುತ್ತಾನೆ. ಹೇಳಿದ್ದನ್ನು ಮಾಡುವವನು. ಜಟ್ಟೆಮ್ಮ ಕಣ್ಣು ಮುಚ್ಚಿ, ಕುಕ್ಕರಗಾಲಲ್ಲಿ ಕೂತು, ಸೆರಗು ತಲೆಯ ಮೇಲೆಳೆದುಕೊಂಡಳು. ಒಂದು ಕೈ ಮೇಲೆ ಚಿಲಕ ಹಿಡಿದೇ ಇತ್ತು.

ಮೊದಲ ಏಟು ಬಿತ್ತು.

ಬೆನ್ನ ಹಿಂದಿನ ಗೋಡೆ ಅಲುಗಲಿಲ್ಲ. ಶೀಟಿನಿಂದ ಧೂಳು ಉದುರಲಿಲ್ಲ. ಎರಡನೆಯದು ಬಿತ್ತು. ಅದು ಇಟ್ಟಿಗೆಯ ಸದ್ದಲ್ಲ. ಸಿಮೆಂಟ್ ಬ್ಲಾಕಿನ ಟೊಳ್ಳು ಸದ್ದು. ಆಚೆಯಿಂದ, ಕಟ್ಟಡದ ಕಡೆಯಿಂದ ಬರುತ್ತಿತ್ತು. ಮೂರನೆಯದಕ್ಕೆ ಏನೋ ಕಳಚಿ ಬಿತ್ತು. ಕೆಂಪರಾಜ್‌ನ ದನಿ ಬೇರೆ ಥರ ಆಯಿತು. ಯಾರೋ ಓಡಿದರು.

ಅವಳು ಚಿಲಕ ತೆಗೆದಳು.

ಅಂಬಣ್ಣ ಅಡುಗೆಮನೆಯ ಗೋಡೆ ಒಡೆಯುತ್ತಿದ್ದ. ಅವನೇ ಎತ್ತಿದ ಗೋಡೆ. ಎಲ್ಲಿ ಹೊಡೆದರೆ ಕಳಚುತ್ತದೆ ಅಂತ ಅವನಿಗೆ ಹುಡುಕಬೇಕಾಗಿರಲಿಲ್ಲ. ಹಸಿ ಗಿಲಾವು ಚಕ್ಕೆಚಕ್ಕೆಯಾಗಿ ಬೀಳುತ್ತಿತ್ತು. ಮಂಜುಳಮ್ಮನ ಕಿಟಕಿಯ ಎದುರಿಗೆ ಒಬ್ಬ ಮನುಷ್ಯ ತೂರುವಷ್ಟು ಕಿಂಡಿ ಬಿದ್ದಿತ್ತು. ಅವನ ಮುಖವೆಲ್ಲ ಬೂದಿ ಬಣ್ಣವಾಗಿತ್ತು. ಅವನು ಯಾರನ್ನೂ ನೋಡುತ್ತಿರಲಿಲ್ಲ. ಸುತ್ತಿಗೆ ಎತ್ತುವಾಗ ಎದೆಯಿಂದ ಒಂದು ಸದ್ದು ಬರುತ್ತಿತ್ತು. ಅಳುವೋ ಬೈಗುಳವೋ ತಿಳಿಯುತ್ತಿರಲಿಲ್ಲ. ಊರಿಗೆ ಊರು ಕಟ್ಟಿದ ತೋಳುಗಳು ಅವು. ಅಷ್ಟು ಸಿಟ್ಟು ಅವುಗಳಲ್ಲಿದೆ ಅಂತ ಹೆಂಡತಿಗೂ ಗೊತ್ತಿರಲಿಲ್ಲ.

ಕೆಂಪರಾಜ್‌ನ ಡ್ರೈವರು, ಇನ್ನಿಬ್ಬರು ಸೇರಿ ಅವನನ್ನು ಹಿಂದಿನಿಂದ ಹಿಡಿದರು. ಸುತ್ತಿಗೆ ಕಿತ್ತುಕೊಂಡರು. ನೆಲಕ್ಕೆ ಕೆಡವಿ ಮರದ ಪಟ್ಟಿಯಿಂದ ಹೊಡೆದರು. ಅವನು ಮುಖಕ್ಕೆ ಅಡ್ಡ ಹಿಡಿದ ಕೈಯ ಮೇಲೇ ಏಟು ಬಿದ್ದವು. ಜಟ್ಟೆಮ್ಮ ಓಡಿ ಹೋಗಿ ಅವನ ಮೇಲೆ ಬಿದ್ದಳು. ಅವಳ ಬೆನ್ನಿಗೂ ಬಿತ್ತು. ಮಂಜುಳಮ್ಮ ಬಂದಳು. ಅವಳ ಹಿಂದೆ ನೂರ್‌ಜಹಾನ್ ಬಂದಳು. ಅವಳ ಹಿಂದೆ ಓಣಿಯ ಹೆಂಗಸರು. ಕಟ್ಟಡದ ಕೂಲಿ ಹೆಂಗಸರು ಹಲಗೆ ಇಳಿದು ಬಂದರು. ಯಾರೂ ಯಾರನ್ನೂ ಹೊಡೆಯಲಿಲ್ಲ. ಬಿದ್ದವರ ಸುತ್ತ ನಿಂತರು ಅಷ್ಟೆ. ಪಟ್ಟಿ ಹಿಡಿದವನು ಎತ್ತಿದ ಕೈ ಎಲ್ಲಿ ಇಳಿಸುವುದು ಅಂತ ತಿಳಿಯದೆ ನಿಂತ.

ಎಂಜಿನಿಯರ್ ಆಗಲೇ ಜೀಪು ಹತ್ತಿದ್ದ.

ಗಂಡ ಹೆಂಡತಿ ಇಬ್ಬರನ್ನೂ ಸ್ಟೇಷನ್ನಿಗೆ ಕರೆದೊಯ್ದರು. ಅಂಬಣ್ಣನ ಬಲಗೈ ಊದಿ ದಪ್ಪವಾಗಿತ್ತು. ಬೆಂಚಿನ ಮೇಲೆ ಕೂರಿಸಲಿಲ್ಲ, ಗೋಡೆಯ ಬದಿಗೆ ನೆಲದ ಮೇಲೆ ಕೂರಿಸಿದರು. ಹೊರಗೆ ಮಂಜುಳಮ್ಮ ಮತ್ತು ಓಣಿಯವರು ಬಿಸಿಲಲ್ಲೇ ಕೂತರು. ಮಂಜುಳಮ್ಮ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಹೇಮಶ್ರೀ ತನಗೆ ಪರಿಚಯವಿದ್ದ ಒಬ್ಬ ವಕೀಲರಿಗೆ ಫೋನು ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅವರು ಬಂದರು.

ಕೆಂಪರಾಜ್, ಗೋಡೆ ಒಡೆದಿದ್ದಾರೆ, ಲುಕ್ಸಾನಾಗಿದೆ, ಕೇಸು ಹಾಕಿ ಅಂತ ಕೂತಿದ್ದ. ಇನ್‌ಸ್ಪೆಕ್ಟರ್ ಬರೆದುಕೊಳ್ಳಲು ಶುರು ಮಾಡಿದ. ವಕೀಲರು ಒಂದೇ ಮಾತು ಕೇಳಿದರು. ಯಾವ ಗೋಡೆ? ಮಂಜೂರಾದ ನಕ್ಷೆಯಲ್ಲಿ ಅಲ್ಲಿ ಗೋಡೆಯೇ ಇಲ್ಲ. ಎಂಜಿನಿಯರ್ ರಿಪೋರ್ಟಿನಲ್ಲಿ ಅದು ಸಾಮಾನು ಇಡುವ ಶೆಡ್ಡು. ಗೋಡೆ ಇತ್ತು ಅಂತ ಇವರು ಬರೆದು ಕೊಡಲಿ, ನಮಗೂ ಅದೇ ಬೇಕು ಅಂದರು. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಕೆಂಪರಾಜ್‌ನ ಮುಖ ನೋಡಿದ. ಕೆಂಪರಾಜ್ ಎದ್ದು ಹೊರಗೆ ಹೋಗಿ ಫೋನಿನಲ್ಲಿ ತುಂಬ ಹೊತ್ತು ಮಾತಾಡಿದ. ಒಳಗೆ ಬಂದು, ಹೋಗ್ಲಿ ಬಿಡಿ ಸಾರ್, ಕೂಲಿ ಜನ, ಬುದ್ಧಿ ಇಲ್ಲ, ದೊಡ್ಡ ಮನಸ್ಸು ಮಾಡ್ತೀನಿ ಅಂದ.

ಹೊಡೆದವರ ಮೇಲೆ ಜಟ್ಟೆಮ್ಮ ಕೊಡಲು ಹೋದ ದೂರನ್ನು ಯಾರೂ ತೆಗೆದುಕೊಳ್ಳಲಿಲ್ಲ. ವಕೀಲರು ಅದನ್ನು ಬೇರೆ ದಾರಿಯಲ್ಲಿ ನೋಡೋಣ ಅಂದರು.

ವಾಪಸು ಬಂದಾಗ ಎಡಗಡೆಯ ಸಂದಿ ಖಾಲಿಯಾಗಿತ್ತು. ತಗಡು ಇರಲಿಲ್ಲ. ಪಾತ್ರೆ, ಹಾಸಿಗೆ, ಸೀರೆ, ರೊಟ್ಟಿಯ ಹಂಚು ಎಲ್ಲ ಓಣಿಯ ಚರಂಡಿಯ ಪಕ್ಕ ಬಿದ್ದಿತ್ತು. ಮುತ್ತಣ್ಣ ಮುಖ ತೋರಿಸಲಿಲ್ಲ. ನಿನ್ನಿಂದ ನನ್ನ ಅನ್ನಕ್ಕೂ ಕಲ್ಲು ಬಿತ್ತು ಅಂತ ಯಾರ ಬಾಯಲ್ಲೋ ಹೇಳಿ ಕಳಿಸಿದ್ದ. ಅಂಬಣ್ಣ ಎಡಗೈಯಲ್ಲಿ ಒಂದೊಂದೇ ಪಾತ್ರೆ ಎತ್ತಿ ಒರೆಸಿದ. ಜಟ್ಟೆಮ್ಮನಿಗೆ ಅವನ ಮುಖ ನೋಡಲು ಹೆದರಿಕೆಯಾಯಿತು. ನನ್ನಿಂದ ಹೀಗಾಯಿತು ಅಂತ ಒಳಗೇ ಕೊರೆಯುತ್ತಿತ್ತು. ಅವನು ಹಂಚನ್ನು ಅವಳ ಕೈಗೆ ಕೊಡುತ್ತ, ಕೈ ನೋಯತದ, ಆದ್ರ ಎದಿ ಹಗುರ ಅದ ಅಂದ.

ಕೆಲವು ದಿನ ಮಂಜುಳಮ್ಮನ ಮನೆಯಲ್ಲಿ ಇದ್ದರು. ಕಿಂಡಿಯಿಂದ ಬೆಳಕು ಬರುತ್ತಿತ್ತು. ಒಂದು ವಾರದಲ್ಲಿ ಕೆಂಪರಾಜ್ ಬೇರೆ ಕೂಲಿಯವರನ್ನು ತರಿಸಿ ಗೋಡೆ ಮತ್ತೆ ಎತ್ತಿಸಿದ. ಆ ಕೂಲಿಯವರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಹೆಂಗಸರೂ ಎರಡನೇ ದಿನ ನೀಲಿ ಬಾಗಿಲ ಬಳಿ ಬಂದು ನಿಂತರು. ಮಂಜುಳಮ್ಮ ಅವರನ್ನೂ ಒಳಗೆ ಬಿಟ್ಟಳು. ನೋಟಿಸು ರದ್ದಾಗಲಿಲ್ಲ. ಒಡೆಯುವವರೂ ಬರಲಿಲ್ಲ. ವಕೀಲರು ಅಡುಗೆಮನೆಯ ಮೇಲೆ ಅರ್ಜಿ ಹಾಕಿದ್ದರು, ಅದು ನಡೆಯುತ್ತಿತ್ತು. ಓಣಿಯ ಹೆಂಗಸರು ಹಗಲು ಹೊತ್ತು ಯಾರಾದರೊಬ್ಬರು ಮನೆಯಲ್ಲಿ ಇರುವಂತೆ ತಮ್ಮ ತಮ್ಮಲ್ಲೇ ಗೊತ್ತು ಮಾಡಿಕೊಂಡರು.

ಅಂಬಣ್ಣನ ಕೈಗೆ ಪಟ್ಟಿ ಬಿತ್ತು. ಸುತ್ತಿಗೆ ಹಿಡಿಯಲು ಇನ್ನೂ ಬಹಳ ದಿನ ಬೇಕು ಅಂದರು ಡಾಕ್ಟರು. ಮಂಜುಳಮ್ಮ ಇರಿ ಅಂದರೂ ಕತ್ತಲ ಮನೆಯಲ್ಲಿ ನಾಲ್ಕು ಜನ ಇರುವುದು ಕಷ್ಟ. ಕೆ.ಆರ್. ಪುರದ ಕಡೆ ಊರವರು ಕೆಲವರು ಬಾಡಿಗೆ ಕೋಣೆಗಳಲ್ಲಿದ್ದರು. ಅವರ ಜೊತೆ ಒಂದು ಮೂಲೆ ಹಿಡಿದರು. ಜಟ್ಟೆಮ್ಮ ಒಬ್ಬಳೇ ಕೂಲಿ ಅಡ್ಡೆಗೆ ಹೋಗತೊಡಗಿದಳು.

ಅಡ್ಡೆ ಅಂದರೆ ರಸ್ತೆ ಕೂಡುವ ಜಾಗ. ಬೆಳಿಗ್ಗೆ ಕೂಲಿಯವರು ಗುಂಪಾಗಿ ನಿಲ್ಲುತ್ತಾರೆ, ಮೇಸ್ತ್ರಿಗಳು ಬಂದು ಆರಿಸಿ ಕರೆದೊಯ್ಯುತ್ತಾರೆ. ಗಟ್ಟಿಮುಟ್ಟಾದವರು ಮೊದಲು ಹೋಗುತ್ತಾರೆ. ಗಂಡಸಿಲ್ಲದೆ ಬಂದ ಹೆಂಗಸರು ಕೊನೆಗೆ ಉಳಿಯುತ್ತಾರೆ. ಎರಡು ದಿನ ಜಟ್ಟೆಮ್ಮ ಬಿಸಿಲೇರುವವರೆಗೆ ನಿಂತು ಬರಿಗೈಯಲ್ಲಿ ವಾಪಸು ಬಂದಳು. ಮೂರನೆಯ ಬೆಳಿಗ್ಗೆ ಒಂದು ಟೆಂಪೋ ಬಂದು ನಿಂತಿತು. ಮೇಸ್ತ್ರಿ ಇಳಿಯದೆಯೇ ಕಿಟಕಿಯಿಂದ ಕೈ ಹೊರಗೆ ಹಾಕಿ ಹತ್ತು ಜನ ಬೇಕು ಅಂದ. ಒಡೆಯುವ ಕೆಲಸ, ಒಂದೇ ದಿನದ್ದು, ಊಟ ಕೊಡ್ತೀವಿ.

ಜನ ನುಗ್ಗಿದರು. ಮಾನಮ್ಮ ಅಂತ ರಾಯಚೂರಿನ ಕಡೆಯ ಹೆಂಗಸು, ಈಗ ಇವಳದೇ ವಠಾರದವಳು, ಹತ್ತಿ ಕೂತು ಜಟ್ಟೆಮ್ಮನಿಗೆ ಕೈ ಚಾಚಿದಳು. ಜಟ್ಟೆಮ್ಮ ಒಂದು ಕಾಲು ಟೆಂಪೋದ ಮೇಲಿಟ್ಟಳು. ಹಿಂದಿನ ರಾತ್ರಿ ಅವಳು ಉಂಡಿರಲಿಲ್ಲ.

"ಏನ್ ಒಡೀಬೇಕ್ರಿ?" ಅಂತ ಕೇಳಿದಳು.

"ಯಾವ್ದೋ ಗೋಡೆ, ಶೀಟು. ಹತ್ತು ಹತ್ತು, ಲೇಟಾಯ್ತು."

"ಯಾರ ಮನೀದ್ರಿ?"

ಮೇಸ್ತ್ರಿ ತಿರುಗಿ ನೋಡಿದ. ಇಷ್ಟು ವರ್ಷದಲ್ಲಿ ಅವನನ್ನು ಕೂಲಿ ಎಷ್ಟು ಅಂತ ಕೇಳಿದವರಿದ್ದರು, ಎಷ್ಟೊತ್ತಿಗೆ ಬಿಡ್ತೀರಿ ಅಂತ ಕೇಳಿದವರಿದ್ದರು. ನಿನಗ್ಯಾಕಮ್ಮ ಅದೆಲ್ಲ, ಕೆಲಸ ಬೇಕೋ ಬೇಡವೋ ಅಂದ.

ಜಟ್ಟೆಮ್ಮ ಟೆಂಪೋದ ಮೇಲಿಟ್ಟ ಕಾಲು ತೆಗೆದು ನೆಲಕ್ಕೆ ಇಟ್ಟಳು. ಹಿಂದೆ ನಿಂತವರು ಅವಳನ್ನು ಸರಿಸಿ ಮುಂದೆ ಬಂದರು. ಅವಳು ಸರಿದು ನಿಂತಳು. ಹೊಟ್ಟೆ ಕೂಗುತ್ತಿತ್ತು. ಕೋಣೆಯಲ್ಲಿ ಅಂಬಣ್ಣ ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾನೆ ಅನ್ನುವುದು ನೆನಪಾಯಿತು. ಆದರೂ ಕಾಲು ಮೇಲೆ ಏಳಲಿಲ್ಲ.

ಮಾನಮ್ಮ ಚಾಚಿದ ಕೈ ಹಾಗೇ ಇತ್ತು. ಅವಳು ಜಟ್ಟೆಮ್ಮನನ್ನು ನೋಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಟೆಂಪೋದ ಮುಂದಿನ ತಗಡಿಗೆ ಎರಡು ಸಲ ಬಡಿದಳು.

"ಹೇಳ್ರಿ ಮೇಸ್ತ್ರಿ. ಯಾರ ಮನೀದು?"

ಹತ್ತುತ್ತಿದ್ದವರು ನಿಂತರು. ಆಗಲೇ ಕೂತವರು ತಲೆ ಎತ್ತಿ ಮುಂದಕ್ಕೆ ನೋಡಿದರು. ಎಂಜಿನ್ನು ಓಡುತ್ತಲೇ ಇತ್ತು. ಮೇಸ್ತ್ರಿ ಇನ್ನೂ ಉತ್ತರ ಹೇಳಿರಲಿಲ್ಲ.